ಬಚ್ಚಲ ತೊಟ್ಟಿಯ ಕರುಗಳು

ಏಪ್ರಿಲ್ 9, ಮಂಗಳವಾರ

ಸತ್ತ ಕರುಗಳು ಇಪ್ಪತ್ತಮೂರು. ಸರ್ಕಾರದ ಪರಿಹಾರ ಹದಿನಾಲ್ಕಕ್ಕೆ ಮಾತ್ರ. ಬೆಳಿಗ್ಗೆಯಿಂದ ಇದೇ ತಲೆ ಕೊರೆಯುತ್ತಿದೆ.

ಮಾರ್ಚ್‌ನ ಹಿಮಗಾಳಿಯ ದಿನ ಹದಿನಾಲ್ಕು ಬಯಲಿನಲ್ಲೇ ಸೆಟೆದುಕೊಂಡವು. ಇನ್ನೂ ಉಸಿರಿದ್ದ ಒಂಬತ್ತನ್ನು ನನ್ನ ಗಂಡ ವರ್ಲಿನ್ ಹೆಗಲ ಮೇಲೆ ಹೊತ್ತು ತಂದ. ಒಂದೊಂದನ್ನೇ ಬಚ್ಚಲ ತೊಟ್ಟಿಯ ಬಿಸಿನೀರಿನಲ್ಲಿ ಮಲಗಿಸಿ ಮೈ ತಿಕ್ಕಿದೆವು. ಅಡುಗೆಮನೆಯಲ್ಲಿ ಕಂಬಳಿ ಹಾಸಿ ಬಾಟಲಿಯಲ್ಲಿ ಹಾಲು ಕುಡಿಸಿದೆವು. ವಾರದ ಮೇಲೆ ಒಂದರ ಹಿಂದೊಂದು ಕೆಮ್ಮಿ ಕೆಮ್ಮಿ ಸತ್ತವು. ಕರುಗಳ ಹುಟ್ಟು ಸಾವು ಬರೆಯುವ ಜೇಬಿನ ಪುಸ್ತಕದಲ್ಲಿ ನಾನೇ ದುಂಡಗೆ ಬರೆದೆ: ನ್ಯುಮೋನಿಯಾ. ವರ್ಲಿನ್ ಬರೆದಿದ್ದರೆ ಬರೀ 'ಸತ್ತಿತು' ಅಂತಿರುತ್ತಿತ್ತು. ನನ್ನ ಶಿಸ್ತಿಗಿಷ್ಟು ಬೆಂಕಿ ಹಾಕ.

ಪರಿಹಾರದ ಅರ್ಜಿ ನೋಡುವ ಕೌಂಟಿ ಕಚೇರಿಯ ಟ್ವೈಲಾ ನನ್ನ ಜೊತೆ ಓದಿದವಳು. ಪುಸ್ತಕ ನೋಡಿ ಹಣೆ ಚಚ್ಚಿಕೊಂಡಳು.

"ಹಿಮದಲ್ಲಿ ಸತ್ತರೆ ವಿಪತ್ತು ಕಣೇ ಲೋರ್ನಾ. ಮನೇಲಿ ಸತ್ತರೆ ಕಾಯಿಲೆ. ಕಾಯಿಲೆಗೆ ಪರಿಹಾರ ಇಲ್ಲ."

"ಆ ಕಾಯಿಲೆ ಎಲ್ಲಿಂದ ಬಂತು? ನನ್ನ ಬಚ್ಚಲಿಂದಾನಾ?"

"ನನ್ನ ಮೇಲ್ಯಾಕೆ ರೇಗ್ತೀಯಾ? ನಿಯಮ ನಾನು ಮಾಡಿದ್ನಾ?"

ಪಕ್ಕದ ಜಮೀನಿನ ಡೆಲ್ಬರ್ಟ್ ಹಿಮಗಾಳಿಯ ದಿನ ಬಾಗಿಲು ಹಾಕಿಕೊಂಡು ಬೆಚ್ಚಗೆ ಕೂತಿದ್ದ. ಅವನ ಕರುಗಳೆಲ್ಲ ಸರಿಯಾದ ದಿನ, ಸರಿಯಾದ ಜಾಗದಲ್ಲಿ ಸತ್ತವು. ಒಂದೂ ಬಿಡದೆ ಎಲ್ಲಕ್ಕೂ ಪರಿಹಾರ ಮಂಜೂರಾಗಿದೆ.

ಸಂಜೆ ತೊಟ್ಟಿ ತಿಕ್ಕಿದೆ. ನೀರು ಹೋಗುವ ತೂತಿನಲ್ಲಿ ಇನ್ನೂ ಕರುಗಳ ಕೆಂಪು ಕೂದಲು ಸಿಕ್ಕಿಕೊಂಡಿದೆ. ವರ್ಲಿನ್ ಬಾಗಿಲಲ್ಲಿ ನಿಂತು ಕೇಳಿದ, "ಅವನ್ನ ಅಲ್ಲೇ ಬಿಟ್ಟು ಬರಬೇಕಿತ್ತು ಅಂತೀಯಾ?"

ಇಲ್ಲ ಎಂದು ತಟ್ಟನೆ ಹೇಳಬೇಕಿತ್ತು. ನಾನು ನಲ್ಲಿ ತಿರುಗಿಸಿದೆ. ಅವನು ಹೋಗಿ ಮಲಗಿದ.