ಫಿನಾಯಿಲ್ ಲೈನಿನ ಪಟ್ಟಾಭಿಷೇಕ

ಸೆಪ್ಟೆಂಬರ್ 29, ಸೋಮವಾರ
ಫಸ್ಟ್ ಶಿಫ್ಟ್. ಮೂಗೂರಿನಿಂದ ತಾಂಡ್ಯದ ಫ್ಯಾಕ್ಟರಿಯವರೆಗೂ ಕಂಪನಿ ಬಸ್ಸಿನಲ್ಲಿ ನಿದ್ದೆ. ಆಮೇಲೆ ಎಂದಿನಂತೆ ಪ್ಯಾಕಿಂಗ್ — ಫಿನಾಯಿಲ್ ಬಾಟ್ಲಿ ಬಾಕ್ಸಿಗೆ ತುಂಬು, ಟೇಪ್ ಹಾಕು. ನಾಡಿನ ಸಮಸ್ತ ಬಚ್ಚಲುಮನೆಗಳ ಶುದ್ಧಿ ಈ ಕೈಗಳಲ್ಲಿದೆ.

ಸೂಪರ್‌ವೈಸರ್ ಚಿಕ್ಕಬಸಪ್ಪ ಸರ್ ಕರೆದರು. ಅವರ ನೀರಿನ ಬಾಟ್ಲಿಗೆ ಫಿನಾಯಿಲ್ ಲೇಬಲ್ ಅಂಟಿಸಿದ್ದು ಗೊತ್ತಾಯಿತೇನೋ ಎಂದುಕೊಂಡೆ. ಗೊತ್ತಾಗಿತ್ತು. ಹೇಳಿದ್ದು ಬೇರೆ.

“ಆಯುಧಪೂಜೆ ಅಬ್ಬ ಕಳ್ದು ಶುಕ್ರವಾರ, ಬಾಟ್ಲಿ ತುಂಬೋ ಎರಡ್ನೇ ಲೈನ್ ನೀನೇ ಓಡ್ಸು ಕಣವ್ವ. ಶಿಫ್ಟ್ ಪೂರ್ತಿ ಸರ್ಯಾಗಿ ಓಡುದ್ರೆ ಆಪರೇಟರ್. ಇಲ್ಲಾಂದ್ರೆ ವಾಪಸ್ ಪ್ಯಾಕಿಂಗು. ಕೋತಿ ಆಟ ಆಡ್ಬೇಡ.”

ಆಪರೇಟರ್! ಇಲ್ಲಿ ಹೆಂಗಸರು ಯಾರೂ ಇದುವರೆಗೆ ಆಗಿಲ್ಲ. ಗಂಭೀರವಾಗಿ ತಲೆಯಾಡಿಸಿದೆ. ಟಾಯ್ಲೆಟ್ಟಿಗೆ ಹೋಗಿ ಕುಣಿದೆ.

ಅಕ್ಟೋಬರ್ 1
ಆಯುಧಪೂಜೆ. ಲೈನಿಗೆಲ್ಲ ವಿಭೂತಿ, ಚೆಂಡುಹೂ, ಬಾಳೆಕಂದು. ಇಡೀ ದಿನ ಒಂದೂ ಕೀಟಲೆ ಮಾಡಲಿಲ್ಲ. ಇತಿಹಾಸದಲ್ಲಿ ದಾಖಲಾಗಲಿ.

ಅಕ್ಟೋಬರ್ 3, ವಾಪಸ್ ಬರುವ ಬಸ್ಸಿನಲ್ಲಿ ಬರೆದದ್ದು
ಬೆಳಿಗ್ಗೆ ಲೈನಿನ ಸ್ಟಾರ್ಟ್ ಒತ್ತಿದೆ. ಓಡಿತು. ನಿಂತಿತು. ಮತ್ತೆ ಒತ್ತಿದೆ. ಮತ್ತೆ ನಿಂತಿತು. ಬಾಟ್ಲಿ ಸಿಕ್ಕಿಕೊಂಡಿದೆ ಎಂದು ಕೆಂಪು ದೀಪ. ಒಂದೂ ಸಿಕ್ಕಿಕೊಂಡಿಲ್ಲ… ಮೆಷಿನ್ ಆಫ್ ಮಾಡಿ, ಬಗ್ಗಿ ನೋಡಿದರೆ — ಸೆನ್ಸರಿನ ಮುಂದೆಯೇ ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ! ಸೆನ್ಸರಿನ ಕಣ್ಣಿಗೆ ಅದೇ ಸಿಕ್ಕಿಕೊಂಡ ಬಾಟ್ಲಿ.

ಕಿತ್ತು ಕೈಯಲ್ಲಿ ಹಿಡಿದು ತಿರುಗಿದೆ. ಹಿಂದೆ ಮ್ಯಾನೇಜರ್ ರವಿಚಂದ್ರ ಸರ್.

“ಇದೂ ನಿನ್ ತಮಾಷೆನಾ? ಸಾಕು. ಪ್ಯಾಕಿಂಗ್‌ಗೆ ಹೋಗು.”

“ನಾನಲ್ಲ ಸರ್…”

ಜೀವಮಾನದಲ್ಲೇ ಮೊದಲ ಸಲ ನಿರಪರಾಧಿ. ಅಭ್ಯಾಸವಿಲ್ಲ. ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕಣ್ಣು ತುಂಬಿತು — ಈ ಸಂಗತಿ ಈ ಪುಟ ದಾಟಕೂಡದು.

ಅಲ್ಲೇ ನಿಂತಿದ್ದ ಚಿಕ್ಕಬಸಪ್ಪ ಸರ್ ಟೋಪಿ ತೆಗೆದು ತಲೆ ಕೆರೆದುಕೊಂಡರು.

“ನಾನ್ ಕಟ್ಟಿದ್ದು ಸಾ, ಪೂಜೆ ದಿನ. ಎಣ್ಮಗ್ಳು ಮೊದಲ್ನೇ ಸಲ ಲೈನ್ ಮ್ಯಾಲ್ ನಿಲ್ತಾವ್ಳೆ, ಯಾರ್ ದೃಷ್ಟಿನೂ ತಾಕ್ದೆ ಇರ್ಲಿ ಅಂತ…”

ಮ್ಯಾನೇಜರ್ ಮೆಷಿನ್ ಕಡೆ ಕೈ ತೋರಿಸಿದರು — ಓಡಿಸು.

ಓಡಿಸಿದೆ. ಶಿಫ್ಟ್ ಮುಗಿಯುವವರೆಗೂ ಒಂದು ಸಲವೂ ನಿಲ್ಲಲಿಲ್ಲ.

ಅಕ್ಟೋಬರ್ 6
ಬೋರ್ಡಿನ ಮೇಲೆ: ಲೈನ್ 2, ಆಪರೇಟರ್ — ಶಿವರಂಜನಿ. ನೀರು ಕುಡಿಯುವ ನೆಪದಲ್ಲಿ ಮತ್ತೆ ಮತ್ತೆ ಹೋಗಿ ಓದಿದೆ. ಹೊಟ್ಟೆಯಲ್ಲಿ ನೀರು ಕುಲುಕುತ್ತಿದೆ.

“ಇನ್ಮೇಲ್ ಲೈನ್ ನಿಂತ್ರೆ ನಿನ್ನೇ ಕೇಳಾದು, ತಿಳ್ಕೊ,” ಎಂದು ಚಿಕ್ಕಬಸಪ್ಪ ಸರ್ ಗದರಿದರು.

ಕೇಳಲಿ. ನನ್ನನ್ನೇ ಕೇಳಬೇಕು. ನನ್ನ ಲೈನ್ ಅದು.