ಹಸುವಿನ ಕೊರಳಿಗೆ ಸೇಫ್ಟಿ ಬೆಲ್ಟು

ಅಂಬರೀಶ,

ನಾನು ಕೆಲಸಕ್ಕೆ ಹೊರಟೆ. ಮುದ್ದೆ ಮುಚ್ಚಿಟ್ಟಿದೀನಿ, ಸಾರು ಬಿಸಿ ಮಾಡ್ಕೊ.

ಬೆಳಿಗ್ಗೆ ನಾನು ಹಾಲು ಕರಿಯೋಕೆ ಹೋದ್ರೆ, ಸೈಟಲ್ಲಿ ನಿಂಗೆ ಕೊಟ್ಟಿರೋ ಸೇಫ್ಟಿ ಬೆಲ್ಟು ಹಸು ಕೊರಳಲ್ಲಿತ್ತು. ಹಗ್ಗಕ್ಕಿಂತ ಇದೇ ಗಟ್ಟಿ ಅಂದ್ಯಂತೆ ಅಮ್ಮನ ಹತ್ರ. ಗಟ್ಟಿ ಅಂತ ಗೊತ್ತಿದ್ದೂ ನೀನ್ಯಾಕೋ ಕಟ್ಕೊಳಲ್ಲ? ಸಾರವೆಯಿಂದ ಬಿದ್ದು ಸೊಂಟ ಮುರ್ಕೊಂಡಿರೋ ಬಾಬಾಜಾನಣ್ಣನ್ನ ಮೊನ್ನೆ ತಾನೆ ನೋಡ್ಕೊಂಡು ಬಂದೆ. ಅವರೂ ನಿನ್ ಥರಾನೇ, ಬೆಲ್ಟು ಕಟ್ಕೊಂಡ್ರೆ ಗಾರೆ ಕೆಲಸ ಸಾಗಲ್ಲ ಅಂತಿದ್ರು.

ಬೆಲ್ಟಿಗೆ ಮೆತ್ತಿದ್ದ ಸಗಣಿ ತೊಳೆದು ನಿನ್ನ ಗಾಡಿ ಮೇಲೆ ಹಾಕಿದೀನಿ. ಕಟ್ಕೊಂಡೇ ಹತ್ತು.

ಹಸುನ ನನ್ನ ಹಳೇ ಸೀರೇಲಿ ಕಟ್ಟಿದೀನಿ. ಅದು ಬಿಚ್ಕೊಂಡ್ರೂ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ನುಗ್ಗತ್ತೆ ಅಷ್ಟೆ, ಬೈಸ್ಕೊಂಡು ಹಿಡ್ಕೊಂಡು ಬರ್ತೀನಿ. ಮೂರನೇ ಮಹಡಿಯಿಂದ ನೀನು ಜಾರಿದ್ರೆ ಎಲ್ಲಿಂದ ಹಿಡ್ಕೊಂಡು ಬರ್ಲಪ್ಪ?

ಅಕ್ಕ