ಐಸಿನಲ್ಲಿ ಒಯ್ದ ಡಬ್ಬಿ

ಬುಧವಾರ, ಜನವರಿ ೨೨, ೨೦೨೫. ಕುರುಗೋಡು.

ಜನ್ಮದಲ್ಲಿ ಮೊದಲ ಸಲ ತಪ್ಪು ಮಾಡಿ ಸಿಕ್ಕಿಬಿದ್ದೆ. ಆದರೂ ಖುಷಿಯಾಗಿದ್ದೇನೆ.

ಅಕ್ಕನ ಮಗ ಪರಶುವಿನ ವೀರ್ಯ ಪರೀಕ್ಷೆಗೆ ಶನಿವಾರ ಮನೆಯಿಂದ ಬಳ್ಳಾರಿಗೆ ಡಬ್ಬಿ ಒಯ್ದವನು ನಾನೇ. ವೀರ್ಯಾಣುಗಳಿಗೆ ಚಲನೆಯೇ ಇಲ್ಲ ಎಂದು ವರದಿ ಬಂತು. ಪರಶು ಹೆಂಡತಿಗೆ, "ಸರೋಜಾ, ನನ್ನ ಬಿಟ್ಟು ಬ್ಯಾರೆ ಮದುವಿ ಆಗು" ಅಂದುಬಿಟ್ಟ. ಅವಳು ಅಂದಿನಿಂದ ಊಟ ಬಿಟ್ಟಳು.

ಇವತ್ತು ಪರಶುವನ್ನು ಕರಕೊಂಡು ಮತ್ತೆ ಬಳ್ಳಾರಿಗೆ ಹೋದಾಗ ಡಾಕ್ಟರಮ್ಮ ಕೇಳಿದರು, "ಡಬ್ಬಿ ಹೆಂಗ ತಂದ್ರಿ?"

"ಐಸಿನಾಗ ಹುಗದು ತಂದೀನ್ರಿ. ದನದ ದವಾಖಾನಿಯಾಗ ಇಪ್ಪತ್ತು ವರ್ಸ ದುಡದೀನಿ. ಹೋರಿ ವೀರ್ಯ ಥಂಡಿಯಾಗೇ ಬರತೈತಿ!" ಎಂದು ಎದೆಯುಬ್ಬಿಸಿದೆ.

ಅವರು ನಕ್ಕೇಬಿಟ್ಟರು. "ಇದನ್ನ ಮೈಬಿಸಿಯಾಗ ತರಬೇಕ್ರಿ. ಥಂಡಿಗೆ ಅವು ಸೆಟೆದು ನಿಂತಾವ."

ಪರಶು ಅಲ್ಲೇ ಹೊಸದಾಗಿ ಡಬ್ಬಿ ಕೊಟ್ಟ, ಮತ್ತೆ ಪರೀಕ್ಷೆ ಮಾಡಿಸಿದೆವು. ನೂರಕ್ಕೆ ಐವತ್ತು ಓಡಾಡುತ್ತಿವೆಯಂತೆ, ಅಷ್ಟು ಸಾಕಂತೆ.

"ಮಾಮಾ, ನಿನ್ನ ಐಸು ನನ್ನ ಸಂಸಾರ ಮುಳುಗಿಸ್ತಿತ್ತಲ್ಲೋ!" ಎಂದು ಪರಶು ಬೈದ. ಬೈಯಲಿ. ಬಸ್ಸಿನಲ್ಲಿ ಸರೋಜಾಗೆ ಫೋನ್ ಹಚ್ಚಿದವನು "ನೀನ ಹೇಳು" ಎಂದು ನನ್ನ ಕೈಗೆ ಕೊಟ್ಟ.

"ಅವ್ವಾ, ನಿನ್ನ ಗಂಡ ಭೇಷ್ ಅದಾನ. ಮಬ್ಬು ಇರೋನು ನಾನು. ಮೊದಲು ಉಣ್ಣು" ಅಂದೆ.

ಅವಳು ನಕ್ಕಿದ್ದು ಪಕ್ಕದ ಸೀಟಿನವರಿಗೂ ಕೇಳಿಸಿತು.